ಗರ್ಭಕೋಶದ ಹುಟ್ಟುವ್ಯತ್ಯಾಸ ಮತ್ತು ಅಮೆರಿಕದ ರೋಗಸಂಕೇತಗಳು

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಾಡಿಸಿದ ಹಳೆಯ ಸ್ಕ್ಯಾನಿಂಗ್ ವರದಿಯಲ್ಲಿ ‘ಬೈಕಾರ್ನುಯೇಟ್ ಯುಟೆರಸ್’ (ಮೇಲ್ಭಾಗ ಎರಡಾಗಿ ಕವಲೊಡೆದ ಗರ್ಭಕೋಶ) ಎಂಬ ಎರಡು ಪದಗಳಿದ್ದು, ಅದನ್ನು ಇಲ್ಲಿ ಅಮೆರಿಕದ ಡಾಕ್ಟರಿಗೆ ತೋರಿಸಿದಿರೆಂದುಕೊಳ್ಳಿ. ಅವರು ಅದನ್ನು ನಿಮ್ಮ ಕಡತಕ್ಕೆ ಏರಿಸಿದರೆ ಆ ಪದಗಳು ಕ್ಯೂ51.3 ಎಂಬ ಸಂಕೇತವಾಗುತ್ತವೆ. ಮುಂದೆ ಸ್ಕ್ಯಾನ್, ಶಸ್ತ್ರಚಿಕಿತ್ಸೆ, ಹೆರಿಗೆ ಯಾವುದಕ್ಕೇ ಬಿಲ್ ಹೋದರೂ ಇನ್ಶೂರೆನ್ಸ್ ಕಂಪನಿ ಮೊದಲು ಓದುವುದು ಈ ಸಂಕೇತವನ್ನು. ಆದ್ದರಿಂದ ಅದು ಸರಿಯಾಗಿದೆಯೇ ಎಂದು ನೋಡಿಕೊಳ್ಳುವ ಕೆಲಸ ಸ್ವಲ್ಪಮಟ್ಟಿಗೆ ನಮ್ಮದೂ ಆಗಿದೆ.

ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಬಳಕೆಯಲ್ಲಿರುವ ರೋಗಸಂಕೇತಗಳ ಪಟ್ಟಿಗೆ ಐಸಿಡಿ-10-ಸಿಎಂ ಎಂದು ಹೆಸರು. ಹುಟ್ಟಿನಿಂದಲೇ ಬಂದ ದೇಹರಚನೆಯ ವ್ಯತ್ಯಾಸಗಳೆಲ್ಲ ಅದರ 17ನೇ ಅಧ್ಯಾಯದಲ್ಲಿ ಕ್ಯೂ ಅಕ್ಷರದಡಿ ಬರುತ್ತವೆ. ಮಾಡಿದ ಚಿಕಿತ್ಸೆಗೆ ಸಿಪಿಟಿ ಎಂಬ ಬೇರೆಯೇ ಸಂಕೇತಗಳಿವೆ. ಡಾಕ್ಟರು ಕಳಿಸುವ ಸಿಎಂಎಸ್-1500 ಫಾರಂನಲ್ಲಿ 12 ರೋಗಸಂಕೇತಗಳಿಗೆ ಜಾಗವಿದ್ದು, ಪ್ರತಿಯೊಂದು ಚಿಕಿತ್ಸೆಯ ಸಾಲನ್ನೂ ಅವುಗಳಲ್ಲಿ ನಾಲ್ಕರವರೆಗೆ ಜೋಡಿಸಬಹುದು. ಯಾವ ಕಾರಣಕ್ಕೆ ಯಾವ ಚಿಕಿತ್ಸೆ ಎಂಬುದು ಆ ಜೋಡಣೆಯಲ್ಲೇ ತಿಳಿಯಬೇಕು.

ಹೆಚ್ಚು ಗೊಂದಲವಾಗುವುದು ಬೈಕಾರ್ನುಯೇಟ್ ಮತ್ತು ಸೆಪ್ಟೇಟ್ ನಡುವೆ. ಭ್ರೂಣದಲ್ಲಿರುವ ಎರಡು ಮುಲ್ಲೇರಿಯನ್ ನಾಳಗಳು ಒಂದಕ್ಕೊಂದು ಕೂಡಿಕೊಂಡು, ನಡುವಿನ ಗೋಡೆ ಕರಗಿದಾಗ ಗರ್ಭಕೋಶ ರೂಪುಗೊಳ್ಳುತ್ತದೆ. ನಾಳಗಳು ಪೂರ್ತಿ ಕೂಡದೆ ಮೇಲ್ಭಾಗ ಎರಡು ಕೊಂಬಾಗಿ ಕವಲೊಡೆದಿದ್ದರೆ ಅದು ಬೈಕಾರ್ನುಯೇಟ್, ಕ್ಯೂ51.3. ಹೊರಗಿನಿಂದ ಒಂದೇ ಆಗಿ ಕಾಣುತ್ತ ಒಳಗೆ ಗೋಡೆ ಉಳಿದಿದ್ದರೆ ಅದು ಸೆಪ್ಟೇಟ್. 2018ರ ಅಕ್ಟೋಬರ್‌ನಿಂದ ಇದಕ್ಕೆ ಪ್ರತ್ಯೇಕ ವಿವರಗಳು ಬಂದಿವೆ: ಗೋಡೆ ಪೂರ್ತಿಯಿದ್ದರೆ ಕ್ಯೂ51.21, ಅರ್ಧಂಬರ್ಧವಿದ್ದರೆ ಕ್ಯೂ51.22. ಬಣ್ಣದ್ರವ ಹಾಯಿಸಿ ತೆಗೆಯುವ ಎಚ್‌ಎಸ್‌ಜಿ ಎಕ್ಸ್‌ರೇಯಲ್ಲಿ ಒಳಗಿನ ಪೊಳ್ಳು ಮಾತ್ರ ಕಾಣುವುದರಿಂದ ಎರಡೂ ಒಂದೇ ರೀತಿ ತೋರಬಹುದು. ಹೊರಗಿನ ಆಕಾರ ಗೊತ್ತಾಗಲು 3ಡಿ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು. ಇದು ಹೆಸರಿನ ಜಗಳವಷ್ಟೇ ಎಂದುಕೊಳ್ಳಬೇಡಿ. ಸೆಪ್ಟೇಟ್ ಆದರೆ ಹಿಸ್ಟೆರೋಸ್ಕೋಪಿಯ (ಗರ್ಭಕೋಶದೊಳಗೆ ಸಣ್ಣ ದುರ್ಬೀನು ಹಾಯಿಸುವ ವಿಧಾನದ) ಮೂಲಕ ಗೋಡೆಯನ್ನು ಕತ್ತರಿಸಬಹುದು, ಅದರ ಸಿಪಿಟಿ ಸಂಕೇತ 58560. ಬೈಕಾರ್ನುಯೇಟ್‌ನಲ್ಲಿ ಆ ರೀತಿ ಕತ್ತರಿಸಲು ಗೋಡೆಯೇ ಇರುವುದಿಲ್ಲ. ಊರಿನ ಹಳೆಯ ವರದಿಯಿಂದ ಬಂದ ಕ್ಯೂ51.3 ಹಾಗೆಯೇ ಉಳಿದು, ಅದರ ಪಕ್ಕದಲ್ಲಿ 58560 ಬಂದರೆ ಕ್ಲೇಮ್ ತಿರಸ್ಕೃತವಾಗಬಹುದು.

ಒಂದೇ ನಾಳ ಬೆಳೆದ ಯುನಿಕಾರ್ನುಯೇಟ್‌ಗೆ ಕ್ಯೂ51.4 ಇದೆ. ಇಂಥವರಲ್ಲಿ ಕೆಲವರಿಗೆ ಒಂದು ಮೂತ್ರಪಿಂಡವೂ ಇರುವುದಿಲ್ಲವಾದ್ದರಿಂದ ಡಾಕ್ಟರು ಅದನ್ನೂ ಪರೀಕ್ಷಿಸುತ್ತಾರೆ. ಇಲ್ಲವೆಂದು ಖಚಿತವಾದರೆ ಅದಕ್ಕೆ ಕ್ಯೂ60.0 ಎಂಬ ಸಂಕೇತ ಬೇರೆ ಸೇರುತ್ತದೆ.

ಹೊರರೋಗಿ ವಿಭಾಗದ ನಿಯಮವೊಂದು ನಮ್ಮವರಿಗೆ ವಿಚಿತ್ರವಾಗಿ ಕಾಣುತ್ತದೆ. ‘ಇರಬಹುದು’, ‘ಶಂಕೆ ಇದೆ’ ಎಂದು ಡಾಕ್ಟರು ಬರೆದ ರೋಗಕ್ಕೆ ಅಲ್ಲಿ ಸಂಕೇತ ಹಾಕುವಂತಿಲ್ಲ. ಖಚಿತವಾಗುವವರೆಗೆ ಲಕ್ಷಣಕ್ಕೆ ಮಾತ್ರ ಸಂಕೇತ, ಉದಾಹರಣೆಗೆ ಮುಟ್ಟಿನ ನೋವಿಗೆ ಎನ್94.6. ಆದ್ದರಿಂದ ಮೊದಲ ಭೇಟಿಯ ಬಿಲ್ಲಿನಲ್ಲಿ ನಿಮ್ಮ ಸಮಸ್ಯೆಯ ಹೆಸರು ಕಾಣದಿದ್ದರೆ ಅದು ತಪ್ಪಲ್ಲ.

ಗರ್ಭಿಣಿಯಾದ ಮೇಲೆ ಕ್ರಮ ಬದಲಾಗುತ್ತದೆ. ಮೊದಲ ಸ್ಥಾನದಲ್ಲಿ ಓ34.0 ಗುಂಪಿನ ಸಂಕೇತ ಬರುತ್ತದೆ (ಮೊದಲನೆಯದು ‘ಓ’ ಅಕ್ಷರ, ಸೊನ್ನೆಯಲ್ಲ, ಫೋನಿನಲ್ಲಿ ಓದಿ ಹೇಳುವಾಗ ಈ ಎಡವಟ್ಟು ಸುಲಭವಾಗಿ ಆಗುತ್ತದೆ): ಮೊದಲ ಮೂರು ತಿಂಗಳಿಗೆ ಓ34.01, ನಡುವಿನ ಅವಧಿಗೆ ಓ34.02, ಕೊನೆಯದಕ್ಕೆ ಓ34.03. ಕ್ಯೂ ಸಂಕೇತ ಅದರ ಹಿಂದೆ ನಿಂತು ನಿರ್ದಿಷ್ಟ ವ್ಯತ್ಯಾಸ ಯಾವುದೆಂದು ತಿಳಿಸುತ್ತದೆ. ಗರ್ಭ ನಿಲ್ಲದಿರುವುದಕ್ಕೆ ಇದೇ ಕಾರಣವೆಂದು ಡಾಕ್ಟರು ಬರೆದರೆ ಎನ್97.2 ಬರುತ್ತದೆ; ಬಂಜೆತನದ ಚಿಕಿತ್ಸೆಯನ್ನು ಒಳಗೊಳ್ಳದ ಪ್ಲಾನುಗಳು ಬಹಳವಿರುವುದರಿಂದ ಈ ಸಂಕೇತ ಮುಂದೆ ಬಂದಾಗ ಹಣ ನಿಲ್ಲುವ ಸಾಧ್ಯತೆ ಹೆಚ್ಚು. ಇದಕ್ಕೆ ಇನ್ಶೂರೆನ್ಸ್ ಕೊಡಲೇಬೇಕೆಂಬ ಕಾನೂನು ಕೆಲವು ರಾಜ್ಯಗಳಲ್ಲಿ ಇದ್ದರೂ, ಉದ್ಯೋಗದಾತ ಕಂಪನಿ ತನ್ನದೇ ಹಣದಿಂದ ನಡೆಸುವ ಸೆಲ್ಫ್-ಫಂಡೆಡ್ ಪ್ಲಾನುಗಳಿಗೆ ಅದು ಅನ್ವಯಿಸುವುದಿಲ್ಲ. ನಿಮ್ಮದು ಯಾವ ಬಗೆಯ ಪ್ಲಾನ್ ಎಂದು ಎಚ್‌ಆರ್ ವಿಭಾಗದಲ್ಲಿ ಮೊದಲೇ ಕೇಳಿಕೊಳ್ಳಿ.

ಶಸ್ತ್ರಚಿಕಿತ್ಸೆಯಿಂದ ಸಂಪೂರ್ಣ ಸರಿಯಾದ ಮೇಲೆ ಕ್ಯೂ ಸಂಕೇತವನ್ನು ಬಿಟ್ಟು, ಹಿಂದೆ ಇತ್ತು ಎಂದು ತಿಳಿಸುವ ಜೆಡ್87.718 ಬಳಸಬೇಕು, ಸರಿಪಡಿಸದಿದ್ದರೆ ಯಾವ ವಯಸ್ಸಿನಲ್ಲಾದರೂ ಕ್ಯೂ ಸಂಕೇತವೇ ಸರಿ. ಹುಟ್ಟಿನಿಂದ ಬಂದದ್ದೆಂದು ದಾಖಲಾದರೆ ಇನ್ಶೂರೆನ್ಸ್ ಸಿಗದೆಂಬ ಭಯ ಉದ್ಯೋಗದ ಪ್ಲಾನಿಗೆ ಸಲ್ಲದು, ಏಕೆಂದರೆ ಮೊದಲೇ ಇದ್ದ ಕಾಯಿಲೆಯ ನೆಪದಿಂದ ಹಣ ನಿರಾಕರಿಸುವುದನ್ನು 2014ರಿಂದ ಕಾನೂನು ತಡೆದಿದೆ. ಆದರೆ ಊರಿನಿಂದ ಬರುವವರಿಗೆ ಕೊಳ್ಳುವ ವಿಸಿಟರ್ ಇನ್ಶೂರೆನ್ಸಿಗೆ ಈ ರಕ್ಷಣೆಯಿಲ್ಲ.

ಸಂಕೇತ ತಪ್ಪಾಗಿದೆ ಎನಿಸಿದರೆ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಅದನ್ನು ತಿದ್ದಬೇಕಾದವರು ಡಾಕ್ಟರ ಬಿಲ್ಲಿಂಗ್ ಕಚೇರಿಯವರು. ಎಂಆರ್‌ಐ ವರದಿಯ ಪ್ರತಿಯೊಂದಿಗೆ ಅವರನ್ನು ಕೇಳಿ. ಕಡತವನ್ನೇ ತಿದ್ದಿಸಬೇಕಾದರೆ ವೈದ್ಯಕೀಯ ಮಾಹಿತಿಯ ಗೋಪ್ಯತೆ ಕಾಯುವ ಹಿಪಾ ನಿಯಮದಡಿ ಬರವಣಿಗೆಯಲ್ಲಿ ಕೋರಬಹುದು, ಸಾಮಾನ್ಯವಾಗಿ 60 ದಿನಗಳೊಳಗೆ ಅವರು ಉತ್ತರಿಸಬೇಕು. ಹಣ ನಿರಾಕರಿಸಿದ ಪತ್ರ ಬಂದರೆ ಮೇಲ್ಮನವಿಗೆ 180 ದಿನಗಳ ಅವಕಾಶವಿದೆ. ಹಣ ಸಿಗಲೆಂದು ಇಲ್ಲದ ಸಂಕೇತವನ್ನು ಹಾಕಿಕೊಡಿ ಎಂದು ಮಾತ್ರ ಕೇಳಬೇಡಿ. ಅದನ್ನು ಇಲ್ಲಿ ವಂಚನೆ ಎಂದೇ ಪರಿಗಣಿಸುತ್ತಾರೆ.