ಒಳಗೆ ಬಿಟ್ಟ ಒಂದೂವರೆ ಇಂಚು

ಸಾಗರದಲ್ಲಿ ನಾನು ಹೆಣ್ಣುಮಕ್ಕಳ ಉಡುಪು ವಿನ್ಯಾಸ ಶುರು ಮಾಡಿ ಮೂರು ವರ್ಷವಾಯಿತು. ಕೈಮಗ್ಗದ ಹತ್ತಿ ಬಟ್ಟೆ, ಅಡಿಕೆ ಬೇಯಿಸಿದಾಗ ಉಳಿಯುವ ರಸದ, ಅಂದರೆ ಚೊಗರಿನ ಬಣ್ಣ. ಇವೆರಡಿದ್ದರೆ ಸಾಕು, ಪರಿಸರಕ್ಕೆ ಒಳ್ಳೆಯದಾಯಿತು ಅಂದುಕೊಂಡಿದ್ದೆ. ಆದರೆ ಬಟ್ಟೆ ಹರಿಯುವ ಮೊದಲೇ ಮೈಗೆ ಬಿಗಿಯಾಗಿ ಪೆಟ್ಟಿಗೆ ಸೇರಿದರೆ ಏನು ಪ್ರಯೋಜನ? ಬಸಿರು, ಬಾಣಂತನ, ವಯಸ್ಸು, ಹೆಣ್ಣಿನ ಮೈ ಒಂದೇ ಅಳತೆಯಲ್ಲಿ ಇರುವುದಿಲ್ಲ ಅಲ್ವಾ?

ಅಮ್ಮ ಟೈಲರ್ ಹತ್ತಿರ ಯಾವಾಗಲೂ ಹೇಳುತ್ತಿದ್ದ ಮಾತು ನೆನಪಾಯಿತು: "ಒಳಗೆ ಸ್ವಲ್ಪ ಬಟ್ಟೆ ಬಿಡಿ." ರೆಡಿಮೇಡ್‌ನಲ್ಲಿ ಅರ್ಧ ಇಂಚೂ ಬಿಡದೆ ಓವರ್‌ಲಾಕ್ ಹೊಡೆದಿರುತ್ತಾರೆ. ನಾನು ಪಕ್ಕದ ಹೊಲಿಗೆಗೆ ಮುಂದೆ, ಹಿಂದೆ ಎರಡೂ ಭಾಗದಲ್ಲಿ ಒಂದೂವರೆ ಇಂಚು ಬಿಡತೊಡಗಿದೆ. ಒಂದೊಂದು ಅಂಚಿನಿಂದ ಒಂದು ಇಂಚು ಬಿಚ್ಚಿದರೆ ಎಡಬಲ ಎರಡೂ ಪಕ್ಕ ಸೇರಿ ಒಟ್ಟು ನಾಲ್ಕು ಇಂಚು ಸಡಿಲ ಸಿಗುತ್ತದೆ. ಕಂಕುಳಲ್ಲಿ ಚೌಕದ ತುಂಡು ಸೇರಿಸುತ್ತೇನೆ. ತೋಳು ಹಿಡಿಯುವುದಿಲ್ಲ.

ಹೊಸ ತೊಂದರೆ ಗೊತ್ತಾಗಿದ್ದು ಮೊದಲ ಕುರ್ತಾ ಬಿಚ್ಚಿದಾಗ. ಹೊರಗಿನ ಬಣ್ಣ ಬಿಸಿಲಿಗೆ ಮಾಸಿತ್ತು, ಒಳಗಿದ್ದ ಪಟ್ಟಿ ಮಾತ್ರ ಹೊಸದರಂತೆ ಕೆಂಪಗಿತ್ತು. ಹಾಗಾಗಿ ಇಡೀ ಕುರ್ತಾವನ್ನೇ ಮತ್ತೆ ಚೊಗರಿಗೆ ಹಾಕಿದೆ. ಬಟ್ಟೆ ಚೆನ್ನಾಗಿ ಬಣ್ಣ ಕುಡಿಯಿತು, ಹೊಲಿಗೆ ಮಾತ್ರ ಬೆಳ್ಳಗೆ ಎದ್ದು ಕಂಡಿತು. ಪಾಲಿಯೆಸ್ಟರ್ ದಾರ ಚೊಗರನ್ನು ಹಿಡಿಯುವುದಿಲ್ಲ. ಅಂದಿನಿಂದ ಹತ್ತಿ ದಾರವನ್ನೇ ಬಳಸುತ್ತೇನೆ. ಮಷಿನ್‌ನಲ್ಲಿ ಅದು ಬೇಗ ತುಂಡಾಗುತ್ತದೆ, ನಿಧಾನ ಹೊಲಿಯಬೇಕು. ಆದರೂ ಅದೇ ಸರಿ.

ಚೊಗರು ಅಂದರೆ ಸುಲಿದ ಹಸಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಗಂದು ರಸ. ಸಾಗರದ ಹತ್ತಿರದ ಭೀಮನಕೋಣೆಯ ಚರಕ ಮಹಿಳಾ ಸಹಕಾರ ಸಂಘದವರು ಇದನ್ನು ಕೈಮಗ್ಗದ ನೂಲಿಗೆ ಬಣ್ಣವಾಗಿ ಬಳಸಿ ನಮಗೆಲ್ಲ ದಾರಿ ತೋರಿಸಿದ್ದಾರೆ. ನಾನು ಬಟ್ಟೆಯ ಗಂಜಿ ಪೂರ್ತಿ ತೆಗೆದು, ಪಟಿಕದ ನೀರಲ್ಲಿ ನೆನೆಸಿ, ಆಮೇಲೆ ಚೊಗರಲ್ಲಿ ಸಣ್ಣ ಉರಿಯಲ್ಲಿ ಕಾಯಿಸುತ್ತೇನೆ. ಒಣಗಿಸುವುದು ನೆರಳಲ್ಲಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕುವುದೇ ಇಲ್ಲ, ನಮ್ಮ ಕಡೆಯ ಥಂಡಿಗೆ ಬಟ್ಟೆ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ.

ಕಬ್ಬಿಣದ ಹುಕ್ಕಿನಿಂದಲೂ ಒಂದು ಪಾಠ ಕಲಿತೆ. ಜುಲೈ ಮಳೆಗೆ ಹುಕ್ಕು ತುಕ್ಕು ಹಿಡಿದು, ಒಬ್ಬರ ಹೊಸ ಕುಪ್ಪಸದ ಮೇಲೆ ಸಾಲಾಗಿ ಕಪ್ಪು ಕಲೆ. ಚೊಗರಿನ ಒಗರಿಗೆ ಕಬ್ಬಿಣ ತಗುಲಿದರೆ ಕಪ್ಪಾಗುತ್ತದೆ. ತುಂಬಾ ಬೇಜಾರಾಯಿತು. ಕೊನೆಗೆ ಗುಜರಿ ಕಬ್ಬಿಣ ಮತ್ತು ಬೆಲ್ಲವನ್ನು ನೀರಲ್ಲಿ ಕೊಳೆಹಾಕಿ, ಆ ನೀರನ್ನು ತೆಳು ಮಾಡಿ ಇಡೀ ಕುಪ್ಪಸವನ್ನೇ ಅದ್ದಿದೆ. ಮೋಡದ ಬಣ್ಣ ಬಂತು. ಅವರಿಗೆ ಮೊದಲಿನದಕ್ಕಿಂತ ಅದೇ ಇಷ್ಟವಾಯಿತು. ಕಬ್ಬಿಣದ ನೀರು ಜಾಸ್ತಿಯಾದರೆ ಹತ್ತಿ ಲಡ್ಡಾಗುತ್ತದೆ, ಹುಷಾರಾಗಿರಬೇಕು. ಈಗ ಹುಕ್ಕೂ ಇಲ್ಲ, ಜಿಪ್ಪೂ ಇಲ್ಲ. ತೆಂಗಿನ ಚಿಪ್ಪಿನ ಗುಂಡಿ, ಇಲ್ಲವೇ ಅದೇ ಬಟ್ಟೆಯ ಕಸೆ.

ಕಳೆದ ತಿಂಗಳು ಬಾಣಂತನ ಮುಗಿಸಿ ಬಂದ ಒಬ್ಬರು ತಮ್ಮ ಮದುವೆಗೆ ಮುಂಚಿನ ಕುರ್ತಾ ತಂದರು. ಮೂರು ಇಂಚು ಬಿಚ್ಚಿಕೊಟ್ಟೆ. ಪಕ್ಕದಲ್ಲಿ ಕೆಂಪು ಪಟ್ಟಿ ಕಾಣುತ್ತಿದೆ. "ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾಗಲಿ, ಆಗ ತನ್ನಿ ಅಕ್ಕ, ಮತ್ತೆ ಅದ್ದಿಕೊಡುತ್ತೇನೆ" ಅಂದಿದ್ದೇನೆ. ಅವರು ಅಲ್ಲಿಯವರೆಗೆ ಆ ಪಟ್ಟಿಯ ಸಮೇತವೇ ತೊಡುತ್ತಿದ್ದಾರೆ.