ಕ್ರ್ಯಾಂಕ್ ಬೇರಿಂಗ್ ಪದೇ ಪದೇ ಹೋಗುತ್ತಿದ್ದರೆ

ಹಳೆಯ ಟೂ-ಸ್ಟ್ರೋಕ್ ಬೈಕಿನ ಕ್ರ್ಯಾಂಕಿಗೆ (ಪಿಸ್ಟನ್ನಿನ ಏರಿಳಿತವನ್ನು ಸುತ್ತಾಟವಾಗಿಸುವ ದಂಡ) ಹೊಸ ಬೇರಿಂಗ್ ಹಾಕಿದ ಕೆಲವೇ ತಿಂಗಳಿಗೆ ಮತ್ತೆ ಗೊರಗೊರ ಸದ್ದು ಬಂದರೆ, ಇನ್ನೊಂದು ಜೊತೆ ಕೊಳ್ಳುವ ಮುನ್ನ ಬಿಚ್ಚಿದ್ದನ್ನು ಪೆಟ್ರೋಲಿನಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡಿ.

ಗುಂಡು ಓಡುವ ದಾರಿ ಮಂಕಾಗಿ ಬೂದುಬಣ್ಣಕ್ಕೆ ತಿರುಗಿದ್ದರೆ ದೂಳು ಒಳಹೊಕ್ಕಿದೆ. ಮಾಲೂರಿನ ಇಟ್ಟಿಗೆ ಗೂಡುಗಳ ಕಡೆ, ಚಿಕ್ಕಬಳ್ಳಾಪುರದ ಕ್ವಾರಿ ರಸ್ತೆಗಳಲ್ಲಿ ಓಡುವ ಗಾಡಿಗೆ ಮೊದಲ ಅನುಮಾನ ಇದೇ. ಏರ್ ಫಿಲ್ಟರ್ ಜೊತೆಗೆ ಕಾರ್ಬುರೇಟರಿನ ರಬ್ಬರ್ ಬಿರುಕು ಬಿಟ್ಟಿದೆಯೇ ನೋಡಿ. ನೀಲಿಗಟ್ಟಿದ್ದರೆ ಎಣ್ಣೆ ಸಾಲುತ್ತಿಲ್ಲ: ಆಯಿಲ್ ಪಂಪಿನ ಕೇಬಲ್ ಹೊಂದಾಣಿಕೆ, ಪೈಪಿನಲ್ಲಿ ಗಾಳಿ, ಎರಡನ್ನೂ ಪರೀಕ್ಷಿಸಿ. ಗುಂಡುಗಳ ನಡುವಿನ ಅಂತರಕ್ಕೇ ಗುಳಿಗಳಿದ್ದರೆ ಕೂರಿಸುವಾಗ ಸುತ್ತಿಗೆ ಏಟು ಬಿದ್ದಿದೆ.

ಹೊರ ರಿಂಗಿನ ಮೈ ಉಜ್ಜಿ ಹೊಳಪಾಗಿದ್ದರೆ ಬೇರಿಂಗ್ ಕೇಸಿನಲ್ಲೇ (ಕ್ರ್ಯಾಂಕನ್ನು ಹೊತ್ತ ಇಂಜಿನ್ ಕವಚ) ಸುತ್ತಿದೆ. ತಣ್ಣಗಿರುವ ಕೇಸಿಗೆ ಹೊಸ ಬೇರಿಂಗ್ ಬೆರಳಲ್ಲಿ ಒತ್ತಿದರೇ ಇಳಿಯಿತೋ, ಸೀಟ್, ಅಂದರೆ ಬೇರಿಂಗ್ ಕೂರುವ ಕುಳಿ, ಸವೆದಿದೆ ಎಂದೇ ಅರ್ಥ. ಸುತ್ತ ಪಂಚ್ ಹೊಡೆದು ಬಿಗಿ ಮಾಡುವುದು ಬರೀ ಕಣ್ಣೊರೆಸುವ ಕೆಲಸ. ಬೋರ್ ಮಾಡಿಸಿ ಸ್ಲೀವ್ (ಒಳಬಳೆ) ಹಾಕಿಸಿ, ಇಲ್ಲವೇ ಕೇಸ್ ಬದಲಿಸಿ.

ಇಷ್ಟೂ ಸರಿಯಿದ್ದರೆ ಕ್ರ್ಯಾಂಕನ್ನೇ ಹಿಡಿಯಿರಿ. ಕನೆಕ್ಟಿಂಗ್ ರಾಡ್ ಕಿಟ್ ಹಾಕಿ ಪ್ರೆಸ್ ಮಾಡಿದ ಮೇಲೆ ಅಲೈನ್‌ಮೆಂಟ್ (ಎರಡೂ ತುದಿ ಒಂದೇ ನೇರಕ್ಕಿರುವುದು) ನೋಡದೆ ಕೊಡುವವರು ಬಹಳ. ವಿ-ಬ್ಲಾಕ್ (ದಂಡ ಕೂರಿಸುವ ವಿ ಆಕಾರದ ಆಸರೆ) ಮೇಲಿಟ್ಟು ಎರಡೂ ತುದಿಗೆ ಡಯಲ್ ಗೇಜ್ (ಮುಳ್ಳಿರುವ ಅಳತೆ ಮಾಪಕ) ಹಚ್ಚಿ ತಿರುಗಿಸಿ. ಮುಳ್ಳಿನ ಒಟ್ಟು ಓಲಾಟ ಸುಮಾರು 0.03 ಮಿ.ಮೀ. ಒಳಗಿರಲಿ. ನಿಮ್ಮ ಗಾಡಿಯ ಮ್ಯಾನುಯಲ್ ಬೇರೆ ಮಿತಿ ಹೇಳಿದರೆ ಅದೇ ಅಂತಿಮ.

ಕೂರಿಸುವಾಗ ಕೇಸನ್ನು ಸುಮಾರು 100 ಡಿಗ್ರಿಗೆ ಕಾಯಿಸಿ. ಬೇರಿಂಗ್ ತಾನಾಗಿ ಇಳಿಯಬೇಕು. ತಳ್ಳಲೇಬೇಕಾದರೆ ಹೊರ ರಿಂಗನ್ನು ಮಾತ್ರ ತಳ್ಳಿ. ಮ್ಯಾನುಯಲ್ ಸಿ3 (ಒಳಗೆ ಮಾಮೂಲಿಗಿಂತ ಹೆಚ್ಚು ಸಡಿಲವಿರುವ ಬೇರಿಂಗಿನ ಗುರುತು) ಕೇಳಿದ್ದರೆ ಆ ಗುರುತಿಲ್ಲದ್ದನ್ನು ಹಾಕಬೇಡಿ: ಬಿಸಿಯಾದಾಗ ಒಳಸಡಿಲ ಮುಗಿದು ಹಿಡಿದುಕೊಳ್ಳುತ್ತದೆ.