ಜೇಡ ಹಿಡಿಯುವ ಕಣಜವನ್ನು ಸೂಜಿಗೇರಿಸಿದ ಬಗೆ

ತನಗಿಂತ ಭಾರವಾದ ಜೇಡವನ್ನು ಕಚ್ಚಿಕೊಂಡು ಹಿಂದಡಿಯಿಡುತ್ತಾ ಎಳೆದೊಯ್ಯುವ ಕಣಜವನ್ನು ಮಲೆನಾಡಿನ ಅಡಿಕೆ ತೋಟಗಳಲ್ಲಿ ಓಡಾಡುವವರು ನೋಡಿಯೇ ಇರುತ್ತಾರೆ. ನನ್ನ ಕೀಟಪೆಟ್ಟಿಗೆಯಲ್ಲಿರುವುದು ಅಂಥದ್ದೇ ಒಂದು ಹೆಣ್ಣು. ಪಾಂಪಿಲಿಡೆ ಕುಟುಂಬದ ಹೆಮಿಪೆಪ್ಸಿಸ್ ಕುಲಕ್ಕೆ ಸೇರಿದ, ಕಪ್ಪು ಮೈಯ, ಕಿತ್ತಳೆ ಬಣ್ಣದ ರೆಕ್ಕೆಗಳ ದೊಡ್ಡ ಕಣಜ. ಅದನ್ನು ನಮ್ಮ ತೋಟದಲ್ಲಿಯೇ ಹಿಡಿದೆ. ಅಭಯಾರಣ್ಯದಲ್ಲಾದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹುಳು ಹಿಡಿಯುವಂತಿಲ್ಲ.

ಕಣಜವನ್ನಷ್ಟೇ ಹಿಡಿದು ಜೇಡವನ್ನು ಬಿಟ್ಟು ಬರುವವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಹಾಗೆ ಮಾಡಿದರೆ ಮಾದರಿಯ ಅರ್ಧ ಬೆಲೆ ಅಲ್ಲಿಯೇ ಹೋಗುತ್ತದೆ. ಕುಟುಕಿಸಿಕೊಂಡ ಜೇಡ ಸತ್ತಿರುವುದಿಲ್ಲ, ಅಲುಗಾಡಲಾರದೆ ಬಿದ್ದಿರುತ್ತದೆ. ಕಣಜ ಅದನ್ನು ಬಿಲಕ್ಕೆ ಸೇರಿಸಿ ಮೈಮೇಲೆ ಒಂದೇ ಒಂದು ಮೊಟ್ಟೆಯಿಟ್ಟು ಬಿಲದ ಬಾಯಿ ಮುಚ್ಚುತ್ತದೆ, ಹೊರಬಂದ ಮರಿಹುಳು ಆ ಜೇಡವನ್ನೇ ತಿಂದು ಬೆಳೆಯುತ್ತದೆ. ಯಾವ ಕಣಜ ಯಾವ ಜೇಡವನ್ನು ಬೇಟೆಯಾಡುತ್ತದೆ ಎನ್ನುವುದಕ್ಕೆ ಜೋಡಿಯಾಗಿ ಸಿಕ್ಕ ಮಾದರಿಯಷ್ಟು ಗಟ್ಟಿ ಪುರಾವೆ ಬೇರೆ ಇಲ್ಲ. ಮೆತ್ತನೆಯ ಮೈಯ ಜೇಡ ಒಣಗಿದರೆ ಮುದುಡುವುದರಿಂದ ಅದನ್ನು ಶೇ. 70ರ ಆಲ್ಕೋಹಾಲ್ ತುಂಬಿದ ಸೀಸೆಗೆ ಹಾಕಿ, ಕಣಜಕ್ಕೂ ಸೀಸೆಗೂ ಒಂದೇ ಸಂಖ್ಯೆ ಕೊಟ್ಟೆ.

ತಳಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿದ ಅಗಲಬಾಯಿಯ ಸೀಸೆಗೆ ಈಥೈಲ್ ಅಸಿಟೇಟ್ ಹನಿಸಿ ಕಣಜವನ್ನು ಕೊಂದೆ. ಹಳೆಯ ಕೈಪಿಡಿಗಳು ಹೇಳುವ ಸಯನೈಡ್ ಮನುಷ್ಯರಿಗೆ ಅಪಾಯವೆನ್ನುವುದು ಹಾಗಿರಲಿ, ಕಣಜಗಳ ಹಳದಿ ಬಣ್ಣವನ್ನೂ ಕೆಂಪಾಗಿಸುತ್ತದೆ. ಈಥೈಲ್ ಅಸಿಟೇಟಿನಲ್ಲಿ ಕೀಲುಗಳು ಮೆದುವಾಗಿ ಉಳಿಯುವುದರಿಂದ ಮುಂದಿನ ಕೆಲಸ ಸಲೀಸು. ಚಲನೆ ನಿಂತ ಮೇಲೂ ನಾನು ಚಿಮಟದಲ್ಲಿಯೇ ಹಿಡಿಯುತ್ತೇನೆ, ಏಕೆಂದರೆ ಹೊಟ್ಟೆ ಒತ್ತಿದರೆ ಕೊಂಡಿ ಹೊರಚಾಚುತ್ತದೆ. ಇದರ ಅಮೆರಿಕದ ಬಂಧುವಾದ ಪೆಪ್ಸಿಸ್ ಕಣಜದ ಕುಟುಕಿಗೆ ಕೀಟವಿಜ್ಞಾನಿ ಜಸ್ಟಿನ್ ಶ್ಮಿಟ್ ತಮ್ಮ ನೋವಿನ ಮಾಪಕದಲ್ಲಿ 4 ಅಂಕ, ಎಂದರೆ ಅತಿ ಹೆಚ್ಚಿನ ದರ್ಜೆ, ಕೊಟ್ಟಿದ್ದಾರೆ.

ಸೂಜಿ 38 ಮಿ.ಮೀ. ಉದ್ದದ, 3ನೇ ನಂಬರಿನ ತುಕ್ಕು ಹಿಡಿಯದ ಕೀಟಸೂಜಿ. ಅದನ್ನು ಎದೆಯ ನಡುಖಂಡದಲ್ಲಿ, ನಡುಗೆರೆಗಿಂತ ತುಸು ಬಲಕ್ಕೆ ನೆಟ್ಟಗೆ ಇಳಿಸಿದರೆ ಎಡಭಾಗದ ಗುರುತುಗಳಿಗೆ ಧಕ್ಕೆಯಾಗುವುದಿಲ್ಲ; ಮೇಲೆ ಬೆರಳಿಗೆ ಸಿಗುವಂತೆ ಸುಮಾರು ಒಂದು ಸೆಂ.ಮೀ. ಬಿಡಬೇಕು.

ಹೆಚ್ಚು ತಾಳ್ಮೆ ಬೇಡಿದ್ದು ಅಂಗಗಳನ್ನು ಹೊಂದಿಸುವ ಕೆಲಸ. ಥರ್ಮೋಕೋಲಿನಲ್ಲಿ ಕೊರೆದ ತೋಡಿನಲ್ಲಿ ಮೈಯನ್ನು ಕೂರಿಸಿ, ಮುಂರೆಕ್ಕೆಯ ಅಂಚಿನ ದಪ್ಪ ನರವನ್ನು ಸೂಜಿಮೊನೆಯಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದರೆ, ಹಿಂರೆಕ್ಕೆಯ ಅಂಚಿನಲ್ಲಿರುವ ಕಿರುಕೊಕ್ಕೆಗಳು ಅದಕ್ಕೆ ಸಿಕ್ಕಿಕೊಂಡಿರುವುದರಿಂದ ಎರಡೂ ಒಟ್ಟಿಗೆ ಬರುತ್ತವೆ. ಮುಂರೆಕ್ಕೆಯ ಹಿಂದಿನ ಅಂಚು ಮೈಗೆ ಲಂಬವಾದಾಗ ನಿಲ್ಲಿಸಿ ಬಟರ್ ಪೇಪರ್ ಪಟ್ಟಿಯಿಂದ ಬಿಗಿದೆ. ರೆಕ್ಕೆ ಚೆಂದವಾಗಿ ಹರಡಿತೆಂದು ಅಲ್ಲಿಗೇ ಬಿಡುವುದು ನನಗೆ ಒಪ್ಪಿಗೆಯಲ್ಲ. ಈ ಕುಟುಂಬವನ್ನು ಗುರುತಿಸುವ ಮುಖ್ಯ ಲಕ್ಷಣ ನಡು ಎದೆಯ ಪಕ್ಕವನ್ನು ಓರೆಯಾಗಿ ಎರಡು ಭಾಗ ಮಾಡುವ ಗೀರು. ಕಾಲುಗಳು ಮಡಿಚಿಕೊಂಡರೆ ಅದು ಮರೆಯಾಗುತ್ತದೆ. ಆದ್ದರಿಂದ ನಡುಗಾಲುಗಳನ್ನು ಕೆಳಕ್ಕೂ ಹಿಂದಕ್ಕೂ ಎಳೆದು, ಮುಳ್ಳುಗಳಿರುವ ಉದ್ದನೆಯ ಹಿಂಗಾಲುಗಳನ್ನು ಬೇರೆ ಸೂಜಿಗಳ ನಡುವೆ ಒತ್ತರಿಸಿ ನಿಲ್ಲಿಸಿದೆ. ಹೆಣ್ಣಿನ ಕುಡಿಮೀಸೆ ಸತ್ತ ಮೇಲೆ ಸುರುಳಿಯಾಗುತ್ತದೆ. ಕೆಲವರು ಅದನ್ನು ಬಲವಂತವಾಗಿ ನೀಳವಾಗಿಸುತ್ತಾರೆ. ನಾನು ಹಾಗೆಯೇ ಬಿಟ್ಟೆ. ಹೆಣ್ಣಿಗೆ 12, ಗಂಡಿಗೆ 13 ಗಣ್ಣುಗಳಿರುವುದರಿಂದ ಅವನ್ನು ಎಣಿಸಲು ಬಂದರೆ ಸಾಕು. ಜೋಲುವ ಹೊಟ್ಟೆಯ ಕೆಳಗೆ ಎರಡು ಸೂಜಿಗಳನ್ನು ಕತ್ತರಿಯಾಕಾರದಲ್ಲಿ ಥರ್ಮೋಕೋಲಿಗೆ ಚುಚ್ಚಿ ಆಸರೆ ಕೊಟ್ಟೆ.

ಒಣಗಿದ ಮೇಲೆ ಊರು, ತಾಲ್ಲೂಕು, ದಿನಾಂಕ, ಹಿಡಿದವರ ಹೆಸರು ಮತ್ತು ಜೇಡದ ಸೀಸೆಯ ಸಂಖ್ಯೆಯಿರುವ ಚೀಟಿ ಅದೇ ಸೂಜಿಗೆ ಏರಿತು.

ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡುತ್ತೇನೆ. ನ್ಯಾಫ್ತಲೀನ್ ಗುಳಿಗೆ ಕೀಟಗಳನ್ನು ದೂರವಿಡುತ್ತದೆಯೇ ಹೊರತು ಒಳಹೊಕ್ಕು ಒಣ ಮಾದರಿಗಳನ್ನು ತಿನ್ನುವ ಆಂಥ್ರಿನಸ್ ಜೀರುಂಡೆಯ ಮರಿಗಳನ್ನು ಕೊಲ್ಲುತ್ತದೆಂದು ನಂಬುವಂತಿಲ್ಲ. ಮಾದರಿಯ ಕೆಳಗೆ ಸಣ್ಣ ಹುಡಿ ಉದುರಿದ್ದು ಕಂಡರೆ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಡೀಪ್ ಫ್ರೀಜರಿನಲ್ಲಿಟ್ಟು, ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೂ ಚೀಲವನ್ನು ಬಿಚ್ಚುವುದಿಲ್ಲ. ಬೇಗ ಬಿಚ್ಚಿದರೆ ರೆಕ್ಕೆಗಳ ಮೇಲೆ ನೀರು ಕೂರುತ್ತದೆ.